ಓಗೊಡುವುದು

ಅಬಾನೋ ಘಾಟಿ ಅಕ್ಟೋಬರಿನಲ್ಲೇ ಮುಚ್ಚಿತು.
ಕುರಿ ಇಳಿದವು, ಕುದುರೆ ಇಳಿದವು,
ಕುರಿದೊಗಲಲ್ಲಿ ಕಳಿತ ಚೀಸು ಹೊತ್ತು
ಕೊನೆಯ ಲಾರಿಯೂ ಇಳಿಯಿತು.
ತುಶೇತಿಯ ಆ ನೆತ್ತಿಯಲ್ಲಿ ಉಳಿದದ್ದು ತೋರ್ಗ್ವಾ ಒಬ್ಬ,
ಎರಡು ನಾಯಿ, ಒಂದು ಒಲೆ,
ಮತ್ತು ಬೇಸಿಗೆಯಲ್ಲಿ ನಾವು
ಕುದುರೆ ಬೆನ್ನಿನಲ್ಲಿ ತುಂಡುತುಂಡಾಗಿ ಏರಿಸಿ ನಿಲ್ಲಿಸಿದ
ಕಬ್ಬಿಣದ ಕಂಬ.

ನಾನು ಕೆಳಗೆ ಅಲ್ವಾನಿಯಲ್ಲಿ, ಶಾಲೆಯ ಹಿಂದಿನ ಕೋಣೆಯಲ್ಲಿ.
ದಿನಾ ರಾತ್ರಿ ಒಂಬತ್ತಕ್ಕೆ ಕಂಬವನ್ನು ಕೂಗುತ್ತೇನೆ.
ಕೂಗೆಂದರೆ ಒಂದು ಪೊಟ್ಟಣ, ಅಷ್ಟೆ.
ಒಳಗೆ ಸುದ್ದಿಯಿಲ್ಲ, ಮಗು ತಿದ್ದಿದ ಹಾಗೆ
ಸಾಲಾಗಿ ಒಂದಿಷ್ಟು ಅಕ್ಷರ.
ಇದ್ದೀಯಾ?
ಓ.
ಹನ್ನೆರಡು ಮಿಲಿಸೆಕೆಂಡು.
ರೆಪ್ಪೆ ಒಮ್ಮೆ ಬಡಿಯುವುದರೊಳಗೆ
ಹತ್ತು ಸಲ ಹೋಗಿಬರಬಹುದು ಬೆಟ್ಟಕ್ಕೆ.

ಕಾಲುಚೀಲ ಹೆಣೆಯುವ ಮೆಲಾನೋ ಒಂದು ಸಂಜೆ
ಫೋನು ಹಿಡಿದು ಬಂದಳು. ತಂತಿಯೇ ಇಲ್ಲ,
ಚಿತ್ರ ಹೇಗೆ ಹತ್ತುತ್ತದೆ ಗುಡ್ಡ?
ಇಡಿಯಾಗಿ ಹತ್ತುವುದಿಲ್ಲ, ಎಂದೆ.
ಕತ್ತರಿಸುತ್ತೇವೆ. ತುಂಡಿಗೊಂದು ನಂಬರು,
ಎಲ್ಲಿಂದ, ಎಲ್ಲಿಗೆ.
ಮೊದಲ ಏಣಿನ ಕಂಬಕ್ಕೆ ಇಡೀ ದಾರಿ ಗೊತ್ತಿಲ್ಲ,
ಮುಂದಿನ ಕಂಬ ಯಾವುದೆಂದಷ್ಟೇ ಗೊತ್ತು.
ಕೈಗೆ ಬಂದದ್ದನ್ನು ಆ ಕಡೆ ದಾಟಿಸಿ
ಮರೆತುಬಿಡುತ್ತದೆ.

ನಡುವೆ ಒಂದು ತುಂಡು ಬಿದ್ದುಹೋದರೆ?
ಆ ತುದಿಯಿಂದ ಹೇಳಿಕಳಿಸುತ್ತದೆ:
ಹದಿನಾರರವರೆಗೆ ಮುಟ್ಟಿತು, ಹದಿನೇಳು ಬರಲಿಲ್ಲ.
ನಾವು ಹದಿನೇಳನ್ನೇ ಮತ್ತೆ ಕಳಿಸುತ್ತೇವೆ.
ಅಷ್ಟು ಹೊತ್ತು ಹದಿನೆಂಟು, ಹತ್ತೊಂಬತ್ತು?
ಬಂದು ಕಾಯುತ್ತಿರುತ್ತವೆ.
ನಮ್ಮ ಮಂದೆಗಿಂತ ವಾಸಿ, ಎಂದು ನಕ್ಕಳು.

ಒಂದು ಮಾತು ಹೇಳಲಿಲ್ಲ ಅವಳಿಗೆ.
ಪ್ರತಿ ಪೊಟ್ಟಣಕ್ಕೂ ಹಣೆಬರಹವಿದೆ,
ಹೊರಡುವಾಗಲೇ ಬರೆದ ಒಂದು ಅಂಕಿ. ಅರವತ್ನಾಲ್ಕು ಅನ್ನೋಣ.
ದಾಟಿದ ಕಂಬಕ್ಕೊಂದರಂತೆ ಕಳೆಯುತ್ತದೆ.
ದಾರಿ ತಪ್ಪಿ ಸುತ್ತಿ ಸುತ್ತಿ ಸೊನ್ನೆಯಾದರೆ
ಆಗ ಯಾರ ಕೈಯಲ್ಲಿತ್ತೋ ಅವರೇ ಕೆಳಗೆ ಹಾಕಬೇಕು.
ಅದು ನಿಯಮ. ಇಲ್ಲವಾದರೆ ಸತ್ತ ಮಾತುಗಳೇ
ದಾರಿ ತುಂಬ ಅಲೆಯುತ್ತವೆ.
ಅವಳ ಅಣ್ಣ ಅದೇ ಘಾಟಿಯಲ್ಲಿ,
ನನಗಿನ್ನೂ ಮೀಸೆ ಬಾರದ ವರ್ಷ.

ಫೆಬ್ರವರಿ ಒಂಬತ್ತು.
ಇದ್ದೀಯಾ?
ಸಮಯ ಮೀರಿತು.
ಇದ್ದೀಯಾ?
ಸಮಯ ಮೀರಿತು.

ಮೊದಲು ನಿನ್ನ ಕಾಲ ಬುಡ ನೋಡು ಎನ್ನುತ್ತದೆ ಈ ಕಸುಬು.
ನನ್ನನ್ನೇ ನಾನು ಕೂಗಿಕೊಂಡೆ. ಓ, ಎಂದೆ.
ಹಾಗಾದರೆ ನಾನಿದ್ದೇನೆ.
ಮೇಜಿನಡಿಯ ಪೆಟ್ಟಿಗೆ: ಓ.
ಚರ್ಚಿನ ಹಿಂದಿನ ಕಂಬ: ಓ.
ಮೊದಲ ಏಣು ಓ, ಎರಡನೆಯ ಏಣು
ಸ್ವಲ್ಪ ತಡವಾಗಿ, ಓ.
ಅಲ್ಲಿಂದಾಚೆಗೆ ಬಿಳಿ.

ಮೌನಕ್ಕೆ ಕಾರಣ ಹಲವು, ಪರದೆಗೆ ಗೊತ್ತಿರುವುದು ಒಂದೇ ಸಾಲು.
ಸೌರಫಲಕದ ಮೇಲೆ ಹಿಮ ಕೂತಿರಬಹುದು,
ಬ್ಯಾಟರಿ ಹೆಪ್ಪುಗಟ್ಟಿರಬಹುದು.
ಅವನು ಬಿದ್ದಿರಬಹುದು.
ಮೂರಕ್ಕೂ ಅದೇ ಸಮಯ ಮೀರಿತು.

ಎರಡು ರಾತ್ರಿ ಕೂತೆ. ಮೆಲಾನೋ ಬಂದು
ಏನೂ ಕೇಳದೆ ಹೀಟರಿನ ಪಕ್ಕ ಹೆಣೆದಳು.
ಹಿಮ್ಮಡಿ ತಿರುಗಿಸುವಾಗ ಮಾತ್ರ ಎಣಿಸುತ್ತಿದ್ದಳು,
ತುಟಿಯೊಳಗೇ.

ಮೂರನೆಯ ದಿನ ಹನ್ನೊಂದೂಕಾಲಿಗೆ
ಒಂಬೈನೂರು ಮಿಲಿಸೆಕೆಂಡಿನಷ್ಟು ತೆವಳಿಕೊಂಡು ಬಂತು.
ಓ.
ಕೂಗಿದ್ದು ಎಷ್ಟೋ ಸಾವಿರ, ಉತ್ತರ ಒಂದಕ್ಕೆ.
ಬಿದ್ದುಹೋದವನ್ನು ಯಾರೂ ಹುಡುಕುವುದಿಲ್ಲ.
ನಾನೂ ಹುಡುಕಲಿಲ್ಲ, ಮತ್ತೆ ಕೂಗಿದೆ.
ನಲವತ್ತು. ಹದಿನೆಂಟು. ಹನ್ನೆರಡು.

ಆಮೇಲೆ ಅವನ ಬರಹ:
ಎದೆಮಟ್ಟ ಹಿಮ, ಇಮೇದಾ. ಫಲಕ ಗುಡಿಸಿ ಗುಡಿಸಿ
ಪೊರಕೆ ಮುರಿಯಿತು, ಜೂನಿನಲ್ಲಿ ಹೊಸದು ತಾ.
ಕಾಲುಚೀಲದ ಚಿತ್ರ ಬಲಗಾಲಿನದು ಮಾತ್ರ ಇದೆ.

ಓದಿ ಹೇಳಿದೆ.
ಮೆಲಾನೋ ಸೂಜಿ ಕೆಳಗಿಟ್ಟು
ಎಡಗೈಗೆ ಸಿಕ್ಕಿಸಿಕೊಂಡಿದ್ದ ಆ ಅರ್ಧ ಚೀಲವನ್ನು
ಬೆಳಕಿಗೆ ಹಿಡಿದಳು:
ಎಡಗಾಲಿನದು ಇನ್ನೂ ಮುಗಿದಿಲ್ಲ ಅನ್ನು.