ಏಳನೆಯ ಬುಟ್ಟಿ

ಕಾಯಾನಿ ಊರಾಚೆ, ಸ್ಕೀ ಗುಡ್ಡದ ಬೆನ್ನಿಗೆ
ಹದಿನೆಂಟು ಬುಟ್ಟಿಗಳು ಸರಪಳಿ ತೊಟ್ಟು ನಿಂತಿವೆ.
ಏಳನೆಯದಕ್ಕೆ ಮಾತ್ರ ನೇರ ದಾರಿಯಿಲ್ಲ.
ನಟ್ಟನಡುವೆ ಒಂದು ಸ್ಪ್ರೂಸ್ ಮರ,
ಅದರ ತೊಗಟೆ ತುಂಬ
ಊರವರ ತಪ್ಪಿನ ಗೀರು.

ಎಡದಿಂದ ಹೊರಟು ಬಲಕ್ಕೆ ಬಾಗಬೇಕಾದರೆ ಪಕ್ಕದ ಬೀಸು,
ಬಲದಿಂದ ಹೊರಟು ಎಡಕ್ಕೆ ಇಳಿಯಬೇಕಾದರೆ ಹಿಂಗೈ.
"ಎರಡೂ ಬೇಕು," ಅನ್ನುತ್ತಾಳೆ ಪಿಹ್ಲಾ,
ಕೆಳಮನೆಯ ವೆಲ್ಡರನ ಮಗಳು, ಹದಿನಾಲ್ಕು ತುಂಬಿಲ್ಲ,
"ಒಂದೇ ಕಾಲಲ್ಲಿ ಎಷ್ಟು ದೂರ ಕುಂಟ್ತೀಯ?"

ನನಗೆ ಐವತ್ತೆಂಟು.
ಇಪ್ಪತ್ತಾರು ವರ್ಷ ಬಸ್ಸಿನ ಸ್ಟೀರಿಂಗ್ ತಿರುವಿದ ಭುಜ
ಎಣ್ಣೆ ಕಾಣದ ಬಾಗಿಲ ಹಾಗೆ ಕಿರುಗುಟ್ಟುತ್ತದೆ.

ಪಕ್ಕದ ಬೀಸು ಹೊಸದೇನಲ್ಲ.
ಚಿಕ್ಕಂದಿನಲ್ಲಿ ಸರೋವರದ ಮೇಲೆ
ಚಪ್ಪಟೆ ಕಲ್ಲು ಹಾರಿಸುತ್ತಿದ್ದೆವು, ನಾನೂ ಅಣ್ಣ ಆರ್ವೊನೂ.
ನಮ್ಮ ಕಡೆ ಅದಕ್ಕೆ ರೊಟ್ಟಿ ಎಸೆಯುವುದು ಅಂತಾರೆ.
ಅವನದು ಒಂಬತ್ತು ರೊಟ್ಟಿ,
ನನ್ನದು ನಾಲ್ಕು, ಐದನೆಯದು ಮುಳುಗುತ್ತಿತ್ತು.
ಆ ಕೈಗೆ ನೆನಪಿದೆ ಅಂದುಕೊಂಡಿದ್ದೆ.
ಈಗ ತಟ್ಟೆ ಬೆರಳು ಬಿಟ್ಟೊಡನೆ
ಗುಂಡು ತಗುಲಿದ ಬಾತುಕೋಳಿಯಂತೆ ಒದ್ದಾಡುತ್ತದೆ.

"ಅಂಗೈ ಮಗುಚಬೇಡ,"
ಪಿಹ್ಲಾ ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆ ತಿರುಗಿಸುತ್ತಾಳೆ,
"ಸೂಪಿನ ಬಟ್ಟಲು ಹೊತ್ತಿದ್ದೀಯ, ಚೆಲ್ಲಬೇಡ.
ಮೊಣಕೈ ಪಕ್ಕೆಯ ಹತ್ತಿರವೇ ಇರಲಿ, ಅದು ಮುಂದೆ ಬರಲಿ,
ಕೈ ಅದರ ಹಿಂದೆ, ಮಣಿಕಟ್ಟು ಎಲ್ಲಕ್ಕಿಂತ ಕೊನೆಗೆ.
ಚಟ್! ಮುಗೀತು.
ಬಲ ಹಾಕ್ತೀಯಲ್ಲ, ಅದೇ ನಿನ್ನ ಕಾಯಿಲೆ."

ಹಿಂಗೈ ಬೇರೆಯೇ ಮಾತು.
ದೋಣಿಯ ಮೋಟರಿನ ಹಗ್ಗ ಜಗ್ಗುವಂತೆ
ತಟ್ಟೆಯನ್ನು ಎದೆಗೆ ಸವರಿಯೇ ಎಳೆಯಬೇಕು.
ಸೊಂಟ ಮೊದಲು, ಆಮೇಲೆ ಭುಜ,
ಮುಂದಿನ ಹಿಮ್ಮಡಿ ನೆಲದಲ್ಲಿ ತಿರುಪಿನಂತೆ ತಿರುಗಬೇಕು.
ಇಷ್ಟೆಲ್ಲ ಕಲಿಯಬಹುದು.
ಆದರೆ ಅದಕ್ಕೂ ಮುಂಚೆ ಬುಟ್ಟಿಗೆ ಬೆನ್ನು ಹಾಕಬೇಕು,
ಕಣ್ಣೂ ಹಿಂದಕ್ಕೆ ಹೋಗಬೇಕು. ಒಂದು ಚಣ
ಪಾಚಿ, ಬೆರಿ ಗಿಡ, ನನ್ನದೇ ನೀರಿನ ಬಾಟಲಿ, ಅಷ್ಟೆ.

ಕತ್ತು ಒಪ್ಪುವುದಿಲ್ಲ.
ಮಂಜುಗಟ್ಟಿದ ರಸ್ತೆಯಿಂದ ಕಣ್ಣು ಕೀಳದೆ
ಊರಿನ ಮಕ್ಕಳನ್ನು ಶಾಲೆ ಮುಟ್ಟಿಸಿದವಳು ನಾನು.
ಕದ್ದು ನೋಡುತ್ತೇನೆ. ಭುಜ ಬೇಗ ಬಿಚ್ಚಿಕೊಳ್ಳುತ್ತದೆ.
ಠಪ್.
ತಟ್ಟೆ ಸ್ಪ್ರೂಸಿಗೆ ಬಡಿದು ಎಡಗಡೆಯ ಜೌಗಿಗೆ ಉರುಳುತ್ತದೆ.

ಸೊಳ್ಳೆಗಳ ನಡುವೆ ಬಗ್ಗಿ ಹುಡುಕುವಾಗ
ನನ್ನ ನೀಲಿಗಿಂತ ಮೊದಲು ಸಿಕ್ಕಿದ್ದು ಬೇರೊಂದು, ಕಿತ್ತಳೆ ಬಣ್ಣದ್ದು,
ಅರ್ಧ ಪಾಚಿಯಲ್ಲಿ ಹೂತು.
ತಿರುಗಿಸಿದೆ. ತಳದಲ್ಲಿ ಕಪ್ಪು ಶಾಯಿ:
ಆರ್ವೊ. ಕೆಳಗೆ ನಂಬರು.
ಅವನ ಏಳು ಇವತ್ತಿಗೂ ಕುಡುಗೋಲಿನ ಹಾಗೇ ಇದೆ.

ಅಪ್ಪನ ದೋಣಿ ಮಾರಿದ ಬೇಸಿಗೆಯಿಂದ
ನಾವು ಮಾತಾಡಿಲ್ಲ. ಐದು ವರ್ಷ.
ಅವನೂ ಇಲ್ಲಿಗೆ ಬರುತ್ತಾನೆಂದು ಗೊತ್ತೇ ಇರಲಿಲ್ಲ.
ತಟ್ಟೆ ಬಿದ್ದ ಜಾಗ ನೋಡಿದೆ, ಮರ ನೋಡಿದೆ,
ಎಸೆದ ಕಟ್ಟೆಯ ಕಡೆ ನೋಡಿದೆ.
ಪಕ್ಕದ ಬೀಸಿನಲ್ಲಿ ಅಂಗೈ ಮಗುಚಿ, ಹಲ್ಲು ಕಚ್ಚಿ ಬಲ ಹಾಕಿದರೆ ಮಾತ್ರ
ಇಷ್ಟು ಎಡಕ್ಕೆ ಬಂದು ಸಾಯುತ್ತದೆ.

"ಯಾರದ್ದು?" ಪಿಹ್ಲಾ ಕೂಗಿದಳು.
"ರೊಟ್ಟಿ ಎಸೆಯುವವನದ್ದು," ಅಂದೆ. ಅವಳಿಗೆ ತಿಳಿಯಲಿಲ್ಲ.

ಮತ್ತೆ ಕಟ್ಟೆಗೆ ಹೋಗಿ ನಿಂತೆ.
ಬೆನ್ನು ತಿರುಗಿಸಿದೆ, ಈ ಸಲ ಪೂರ್ತಿ.
ಪಾಚಿ. ಬೆರಿ. ಬಾಟಲಿ, ಅದರ ಪಕ್ಕ ಕಿತ್ತಳೆ ತಟ್ಟೆ.
ಹಗ್ಗ ಜಗ್ಗಿದೆ.
ಮರದ ಬಲಕ್ಕೆ ಗಾಳಿ ಸೀಳಿ ಹೋಯಿತು,
ಆಮೇಲೆ ಯಾರೋ ಕರೆದಂತೆ ಎಡಕ್ಕೆ ವಾಲಿ
ಬುಟ್ಟಿಗೆ ಹನ್ನೆರಡು ಹೆಜ್ಜೆ ಮುಂಚೆ ಕೂತಿತು.
"ಪರವಾಗಿಲ್ಲ," ಅಂದಳು ಪಿಹ್ಲಾ. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಸಿಕ್ಕವರು ಕಳಕೊಂಡವರಿಗೆ ತಿಳಿಸಬೇಕು, ಇಲ್ಲಿನ ರೂಢಿ.
ಫೋನ್ ಮಾಡಲು ಬಾಯಿ ಬರಲಿಲ್ಲ. ಬರೆದೆ:
ನಿನ್ನ ತಟ್ಟೆ ನನ್ನ ಹತ್ತಿರ ಇದೆ.
ಅಂಗೈ ಮಗುಚುತ್ತಿದ್ದೀಯ.