ಒಂದೇ ಚೌಕಕ್ಕೆ ಗುರುತು ಹಾಕಿ

ಕೆಮಿ ಊರಿನ ಆರೋಗ್ಯ ಕೇಂದ್ರ, ಎರಡನೆಯ ಮಹಡಿ.
ಮಧ್ಯಾಹ್ನ ಎರಡಕ್ಕೇ ದೀಪ ಹಾಕಬೇಕಾದ ಡಿಸೆಂಬರು.
ಬೇಸಿಗೆಗೆ ನನಗೆ ನಿವೃತ್ತಿ; ಕಪಾಟು ಬರಿದು ಮಾಡುತ್ತಿದ್ದೇನೆ.
ಅರ್ಮಾಸ್‌ನವು ಮೂರು ಕಡತ. ಕೈಬರಹ ಮೂರರಲ್ಲೂ ನನ್ನದೇ,
ಹುಡುಗ ಮಾತ್ರ ಒಂದೊಂದರಲ್ಲಿ ಒಬ್ಬೊಬ್ಬ.

ನಾಲ್ಕನೇ ವಯಸ್ಸು.
ಹದಿನೈದು ವಿಭಕ್ತಿಯ ನಮ್ಮ ಭಾಷೆಯಲ್ಲಿ
ಅವನಿಗಿದ್ದದ್ದು ಮನೆ, ಬರೀ ಮನೆ.
ಮನೆಗೋ, ಮನೆಯಿಂದಲೋ, ಮನೆಯೊಳಗೋ,
ಬೂಟು ಯಾವ ಕಡೆ ತಿರುಗಿದೆ ನೋಡಿ
ಅವನಮ್ಮ ಹೆನ್ನಾ ಪ್ರತ್ಯಯ ಹಚ್ಚಿಕೊಳ್ಳುತ್ತಿದ್ದಳು.
ಅರ್ಥವಿಲ್ಲದ ಪದಗಳ ಪಟ್ಟಿ ತೆಗೆದು, ಹೇಳಿದಂತೆ ಹೇಳು ಅಂದೆ.
"ಪಮಿಲುಸೊ."
"ಲುಸೊ," ಅಂದ. ತಡೆದು, "ಯಾರು?"
ಉತ್ತರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ.
ನಾಲ್ಕಕ್ಕೆ ಎರಡು, ಬರೆದೆ.
ಚೌಕ: ಆಡುವುದರಲ್ಲಿ ತೊಡಕು, ಗ್ರಹಿಕೆ ಸರಿ.

ಏಳು. ಬಿದ್ದ ಹಲ್ಲಿನ ಜಾಗದಲ್ಲಿ ಹಲ್ಲು,
ಪದದ ತುದಿಯಲ್ಲಿ ಪ್ರತ್ಯಯ.
ಚೌಕ: ತೊಡಕಿಲ್ಲ.
ಹೆನ್ನಾ ಏಲಕ್ಕಿ ಬನ್ನು ತಂದಿದ್ದಳು. ತಿಂದೆ.

ಹನ್ನೊಂದಕ್ಕೆ ಶಾಲೆಯವರು ಮತ್ತೆ ಕಳಿಸಿದರು.
ವಾಕ್ಯ ಒಂದೊಂದೂ ನೆಟ್ಟಗಿದೆ, ಕಥೆ ಮಾತ್ರ ನಿಲ್ಲುವುದಿಲ್ಲ.
ಜಾರುಬಂಡಿಯ ಆರು ಚಿತ್ರ ಕೊಟ್ಟೆ.
ಹುಡುಗ ಬಿದ್ದ. ಬಂಡಿ ಮುರಿದಿದೆ. ಅಜ್ಜ ಬಂದ.
ಅಜ್ಜ ಯಾಕೆ ಬಂದ?
"ಅಜ್ಜ ಅಲ್ಲವೇ, ಬರುತ್ತಾನೆ."
ಇದನ್ನು ತಪ್ಪೆಂದು ಹೇಗೆ ಬರೆಯಲಿ. ಬರೆದೆ.
ಚೌಕ: ಗ್ರಹಿಕೆಯಲ್ಲೂ ತೊಡಕು.

ಗುಂಪುಗಳು ಗಟ್ಟಿ ನಿಲ್ಲುತ್ತವೆ, ಮಕ್ಕಳು ಸರಿದಾಡುತ್ತಾರೆ
ಎಂದು ತರಬೇತಿಯಲ್ಲಿ ಕೇಳಿದ್ದೆ.
ಕೊಲ್ಲಿಯ ಮಂಜುಗಡ್ಡೆಗೆ ಹೋಲಿಸಬಹುದಿತ್ತು. ಬೇಡ.
ಮಂಜುಗಡ್ಡೆಗೆ ಅಮ್ಮ ಇರುವುದಿಲ್ಲ,
ಕಾರಿಡಾರಿನಲ್ಲಿ ಕೈಗವಸು ಹಿಂಡುತ್ತ ಕೂತಿರುವುದಿಲ್ಲ.

ಇವತ್ತು ಹದಿನಾರು. ಒಬ್ಬನೇ ಬಂದಿದ್ದಾನೆ.
ಟ್ರ್ಯಾಕ್ಟರ್ ಲೈಸೆನ್ಸಿನ ಪರೀಕ್ಷೆಯಲ್ಲಿ
ಪ್ರಶ್ನೆಗಳನ್ನು ಯಾರಾದರೂ ಓದಿ ಹೇಳಬೇಕಾದರೆ ನನ್ನ ಸಹಿ ಬೇಕು.
ಅರ್ಜಿಯ ಕೊನೆಗೆ: ಒಂದೇ ಚೌಕಕ್ಕೆ ಗುರುತು ಹಾಕಿ.
"ಹಿಂದೆ ಏನು ಹಾಕಿದ್ದಿರಿ?"
ಮೂರನ್ನೂ ಬಿಡಿಸಿಟ್ಟೆ.
ಬೆರಳಿಟ್ಟು ನಿಧಾನವಾಗಿ ಓದಿದ.
"ಮಧ್ಯದವನು ಅದೃಷ್ಟವಂತ," ಅಂದು ನಕ್ಕ.
ಅಲ್ಲ ಮಗು, ಆ ಮಧ್ಯದವನಿಗೇ
ನಾಲ್ಕು ವರ್ಷ ಯಾರೂ ಏನೂ ಮಾಡಲಿಲ್ಲ
ಎನ್ನಲು ಹೊರಟೆ. ಮಾತು ಬರಲಿಲ್ಲ, ನನಗೆ.

ಸಹಿ ಹಾಕಿದೆ. ಯಾವ ಚೌಕ ಎಂದು ಕೇಳಬೇಡಿ.

ಕಿಟಕಿಯಿಂದ ನೋಡಿದರೆ,
ಸೈಕಲ್ ಸ್ಟ್ಯಾಂಡಿಗೆ ಕಟ್ಟಿದ್ದ ಅವನ ನಾಯಿ ಹಗ್ಗ ಬಿಚ್ಚಿಕೊಂಡು
ಹಿಮದ ಗುಡ್ಡೆಯ ಮೇಲೆ ನಿಂತಿದೆ.
"ಪಮಿಲುಸೊ!"
ಎರಡು ಪದರ ಗಾಜಿನಾಚೆಯಿಂದ ನಾಲ್ಕೂ ಅಕ್ಷರ ಕೇಳಿಸಿದವು.
ನಾಯಿ ಬರಲಿಲ್ಲ.
ಇನ್ನೊಮ್ಮೆ ಕರೆದ.