ಮರಳಿನ ಬಣ್ಣ

ದಾವಣಗೆರೆ ಮಂಡಿಪೇಟೆಯ ಚಂದ್ರಕಾಂತ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ನನ್ನ ಕೆಲಸ ಇಷ್ಟೇ:
ಫೋಟೋ ಗಂಡಿನ ಮನೆ ತಲುಪುವ ಮೊದಲು
ಹುಡುಗಿಯನ್ನು ಬೆಳ್ಳಗೆ ಮಾಡುವುದು.

ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು.
ಕೂದಲು ಹಾಲು, ಹಲ್ಲು ಇದ್ದಿಲು.
ಮಚ್ಚೆ ಅಲ್ಲೊಂದು ಪುಟ್ಟ ಕಿಟಕಿ,
ಬೆಳಕು ತೂರಿ ಬರುತ್ತದೆ.
ಅದನ್ನು ಮುಚ್ಚಬೇಕು,
ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ,
ಉಸಿರು ಹಿಡಿದು, ಚುಕ್ಕಿ ಮೇಲೆ ಚುಕ್ಕಿ.
ಒಬ್ಬಳನ್ನು ಬೆಳ್ಳಗೆ ಮಾಡಲು
ಎಷ್ಟು ಕಪ್ಪು ಖರ್ಚಾಗುತ್ತದೆಂದು
ನನ್ನ ಹೆಬ್ಬೆರಳನ್ನು ಕೇಳಿ.

ಹರಪನಹಳ್ಳಿ ಕಡೆಯ ಕೊಟ್ರಮ್ಮ
(ಹೆಸರು ಕವರಿನ ಮೇಲಿತ್ತು)
ಮದುವೆಯಾಗಿ ಎರಡು ವರ್ಷಕ್ಕೆ ಒಬ್ಬಳೇ ಬಂದಳು.
"ನನ್ ಫೋಟೋ ಐತಲ್ಲ, ಸಿಡುಬಿನ ಕಲೆ ಇರೋದು ಒಂದು ಬೇಕ್ರಿ.
ಮನ್ಯಾಗ ಮೊದ್ಲು ಗೋಡೆ ಮ್ಯಾಲಿನಾಕಿನ್ನ ನೋಡ್ತಾರ,
ಆಮ್ಯಾಲೆ ನನ್ನ ನೋಡ್ತಾರ."
ಎಡಗೆನ್ನೆಯಲ್ಲಿ ಹನ್ನೊಂದು.
ನಾನೇ ಎಣಿಸಿ ಮುಚ್ಚಿದ್ದೆ.
ಹತ್ತು ನಿಮಿಷ ಹುಡುಕಿದ ಹಾಗೆ ಮಾಡಿ
"ಇಲ್ಲಮ್ಮ, ಗೆದ್ದಲು ತಿಂದಾವೆ" ಅಂದೆ.
ಗೆದ್ದಲು!
ಡಬ್ಬಿ ಕಬ್ಬಿಣದ್ದು.
ಅವಳು ಡಬ್ಬಿ ನೋಡಿದಳು, ನನ್ನ ನೋಡಿದಳು,
ಬಸ್ಸಿಗೆ ಹೊತ್ತಾಯಿತು ಅಂದಳು.

ಆಮೇಲೆ ಕಂಪ್ಯೂಟರ್ ಬಂತು.
ನನ್ನ ಇಡೀ ಮಧ್ಯಾಹ್ನವನ್ನು ಒಂದು ಒತ್ತಿಗೆ ಮುಗಿಸಿತು.
ಸ್ಟುಡಿಯೋ ಈಗ ಮೊಬೈಲ್ ಕವರಿನ ಅಂಗಡಿ.
ಬಾಕಿ ಸಂಬಳದ ಬದಲು ಸಿಕ್ಕ ಕ್ಯಾಮೆರಾ ಹೆಗಲಿಗೆ ಹಾಕಿ
ಬೆಳಗಿನ ಜಾವ ಮಂಡಕ್ಕಿ ಭಟ್ಟಿಗಳ ಕಡೆ ನಡೆಯತೊಡಗಿದೆ.

ಹೊಟ್ಟಿನ ಬೆಂಕಿ. ಗೋಡೆ, ತೊಲೆ, ಬೆಕ್ಕು, ಎಲ್ಲಕ್ಕೂ ಒಂದೇ ಮಸಿ.
ಬಾಣಲೆಯ ಮುಂದೆ ಚಮನ್‌ಬಿ:
"ತಗೀರಿ ಫೋಟೋ. ನಿಲ್ಲು ಅಂತ ಮಾತ್ರ ಅನಬ್ಯಾಡ್ರಿ.
ನಾ ನಿಂತ್ರೆ ಅಕ್ಕಿ ಸೀಯ್ತಾವ."
ಗದ್ದ ಎತ್ತಿ, ಇಲ್ಲಿ ನೋಡಿ, ಸ್ವಲ್ಪ ನಗಿ...
ನನಗೆ ಬರುತ್ತಿದ್ದ ಮಾತೆಲ್ಲ
ಹೊಗೆಯ ಜೊತೆ ಗಂಟಲಲ್ಲೇ ಸುತ್ತಿದವು.

ಮನೆಗೆ ತಂದು ಕ್ಯಾನ್ವಾಸಿಗಿಳಿಸಿದೆ, ಮೂರು ತಿಂಗಳು.
ಮುಂಗೈಯ ಸುಟ್ಟ ಗುರುತು ಒಂದನ್ನೂ ಬಿಡಲಿಲ್ಲ.
ಮೂಗಿನ ಪಕ್ಕದ ಮಡಿಕೆ, ಸೆರಗಿನ ತೂತು,
ಹುಬ್ಬಿನ ಒಂದೇ ಒಂದು ಬಿಳಿ ಕೂದಲು.
ನನಗೆ ನಾನೇ ಬೆನ್ನು ತಟ್ಟಿಕೊಂಡೆ.
ಕಣ್ಣು ಮಾತ್ರ ನೋಡುವವರ ಕಡೆ ತಿರುಗಿಸಿದೆ,
ಚಿತ್ರಕ್ಕೆ ಜೀವ ಬರಲೆಂದು.

ಹಳೆ ಪಂಚೆಯಲ್ಲಿ ಸುತ್ತಿ ಒಯ್ದು ತೋರಿಸಿದೆ.
ಜರಡಿ ಬಿಟ್ಟು ಎಲ್ಲರೂ ಬಂದರು.
ಚಮನ್‌ಬಿ ಮುಖ ನೋಡಲೇ ಇಲ್ಲ.
ಬಾಣಲೆ ನೋಡಿದಳು.
"ಯಾವ ಭಟ್ಟಿರಿ ಇದು?"
ನಿಮ್ಮದೇ.
"ಅಲ್ಲ ತಗೀರಿ. ಈ ಮರಳಿನಾಗ ಮಂಡಕ್ಕಿ ಅರಳಂಗಿಲ್ಲ.
ತಣ್ಣಗೈತಿ."
ಆಮೇಲೆ, ಬಹಳ ಹೊತ್ತಿನ ಮೇಲೆ, ಮುಖಕ್ಕೆ ಬಂದು:
"ಕೈಯಾಗ ಮರಳಿಟ್ಕಂಡು
ನಿಮ್ಮನ್ಯಾಕ ನೋಡ್ಲಿ ನಾನು?"
ಭಟ್ಟಿ ತುಂಬ ನಗು. ನಾನೂ ನಕ್ಕೆ, ತಡವಾಗಿ.

ನನ್ನ ಮಣಿಕಟ್ಟು ಹಿಡಿದು
ಬಾಣಲೆಯ ಮೇಲೆ ಒಂದು ಗೇಣು ಎತ್ತರಕ್ಕೆ ಅಂಗೈ ಚಾಚಿಸಿದಳು.
"ಇನ್ನೂ ಇಲ್ಲ."
"ಇನ್ನೂ ಇಲ್ಲ."
"ಹೂಂ, ಈಗ."
ಕಣ್ಣಿಗೆ ಏನೂ ಬದಲಾಗಲಿಲ್ಲ.
ಅಂಗೈ ಮಾತ್ರ ತಾನಾಗಿ ಹಿಂದೆ ಸರಿಯಿತು.
ಉಪ್ಪುನೀರುಂಡು ಒಣಗಿದ ಅಕ್ಕಿ ಸುರಿದಳು,
ಮಲ್ಲಿಗೆಯ ಮಾತು ಬೇಡ,
ಅದು ಸಿಡಿಯುವುದು ಸಿಟ್ಟು ಬಂದವರ ಹಾಗೆ.

ಕಣ್ಣು ಕೆರೆದು ತೆಗೆದು ಬಾಣಲೆಗೆ ಇಳಿಸಿದ್ದೇನೆ.
ಮರಳನ್ನು ನಾಲ್ಕು ಸಲ ಕಲಸಿದ್ದೇನೆ.
ಕೊನೆಯ ಸಲ ಅವಳು
"ಹತ್ರ ಬಂತು" ಅಂದು ಚಹಾ ಕೊಡಿಸಿದಳು.

ರಾತ್ರಿ ಉಳಿದ ಹಾಳೆಯಲ್ಲಿ
ಒಂದು ಎಡಗೆನ್ನೆ ಬರೆಯುತ್ತೇನೆ,
ಅದೇ ಪೆನ್ಸಿಲ್ಲು.
ಹನ್ನೊಂದು.
ಲೆಕ್ಕ ನೆನಪಿದೆ,
ಜಾಗ ನೆನಪಿಲ್ಲ.